ಅಪ್ಪನ ಡಬ್ಬಿಯೊಳಗಿನ ಗುಳಿಗಿ

ತಮ್ಮಾ, ನಿಮ್ಮಪ್ಪನ ಔಷಧ ಡಬ್ಬಿಯೊಳಗಿಂದ ದಿನಾ ಒಂದು ಆಸ್ಪಿರಿನ್ ನೀನೂ ನುಂಗಾಕ ಹತ್ತೀಯಂತ, ವೈನಿ ಹೇಳಿದ್ರು. ಸಕ್ಕರಿ ಬ್ಯಾನಿ ಅಂತ ಗೊತ್ತಾಗಿ ಇನ್ನಾ ಎರಡು ತಿಂಗಳಾಗಿಲ್ಲ, ಆಗ್ಲೇ ‘ರಕ್ತ ತೆಳ್ಳಗಿರಲಿ’ ಅಂದಿಯಂತ. ಮೂವತ್ತು ವರ್ಷ ಲ್ಯಾಬಿನ್ಯಾಗ ರಕ್ತ ನೋಡಿದವ ನಾ, ಒಂದೀಟು ಕೇಳು.

ಆ ಗುಳಿಗಿ ರಕ್ತ ತೆಳ್ಳಗ ಮಾಡೂದಿಲ್ಲ, ಮಾತು ಹಂಗ ರೂಢಿ ಆಗೇತಿ. ಅದು ಕೈ ಕಟ್ಟೂದು ಪ್ಲೇಟ್‌ಲೆಟ್‌ಗಳದ್ದು. ನಮ್ಮ ಅಣ್ಣಿಗೇರ್ಯಾಗ ಪ್ಲೇಟ್‌ಲೆಟ್ ಅಂದ್ರ ಡೆಂಗಿ ಬಂದಾಗ ಎಣಿಸೂ ವಸ್ತು. ಅದನ್ನೂ ‘ಬಿಳಿ ರಕ್ತಕಣ’ ಅಂತಾರ, ಅವು ಬ್ಯಾರೆ, ಇವು ಬ್ಯಾರೆ. ಒಂದು ಮೈಕ್ರೋಲೀಟರ್ ರಕ್ತದಾಗ ಪ್ಲೇಟ್‌ಲೆಟ್ 1.5 ಲಕ್ಷದಿಂದ 4.5 ಲಕ್ಷ ಇರ್ತಾವ. ಮಳಿಗೆ ಎರಿ ಹೊಲದ ಒಡ್ಡು ಒಡದಾಗ ಕಲ್ಲು ಮಣ್ಣು ಹೊತಗೊಂಡು ಓಡ್ತೀವಲ್ಲ, ಅವುಗಳದೂ ಅದ ಕೆಲಸ. ನಾಳ ಎಲ್ಲಿ ಹರಿದೈತೋ ಅಲ್ಲಿ ಹೋಗಿ ಒಂದಕ್ಕೊಂದು ಅಂಟಿ ಮುಚ್ಚತಾವ.

ಸಕ್ಕರಿ ಬ್ಯಾನ್ಯಾಗ ಎಣಿಕಿ ಬಹಳ ಸಲ ಸರೀನ ಇರ್ತೈತಿ, ಕೆಡೂದು ಗುಣ. ಸಕ್ಕರಿ ಅವುಗಳ ಮ್ಯಾಲಿನ ಪದರಕ್ಕ ಅಂಟತೈತಿ. ಅವನ್ನ ಸುಮ್ಮನಿರಿಸಬೇಕಾದ ಇನ್ಸುಲಿನ್ನಿನ ಮಾತು ಸರಿಯಾಗಿ ನಡಿಯೂದಿಲ್ಲ. ಒಡ್ಡು ಒಡೀದಿದ್ರೂ ಕಲ್ಲು ಹೊರೋ ಆಳಿನಂಗ ಸಣ್ಣ ಕಾರಣಕ್ಕ ಗುಂಪು ಕಟ್ತಾವ. ಹೃದಯದ ನಾಳದೊಳಗಿನ ಕೊಬ್ಬಿನ ಗಂಟು ಬಿರಿದ್ರಂತೂ ಅಲ್ಲೇ ಹೆಪ್ಪಾಗಿ ದಾರೀನ ಮುಚ್ಚತೈತಿ. ಅದಕ್ಕ ಸಿಬಿಸಿ (ರಕ್ತಕಣ ಎಣಿಸೂ ಟೆಸ್ಟ್) ರಿಪೋರ್ಟ್‌ನ್ಯಾಗ ಪ್ಲೇಟ್‌ಲೆಟ್ ಸರಿ ಅದಾವಂತ ಸಮಾಧಾನ ಮಾಡ್ಕೋಬ್ಯಾಡ.

‘ಹಂಗಾರ ಗುಳಿಗಿ ತಗೊಂಡ್ರ ತಪ್ಪೇನು ಕಾಕಾ’ ಅಂತಿ. ಆಕ್ಸ್‌ಫರ್ಡ್‌ನವರು ಇದನ್ನ ನೋಡ್ಯಾರ. ಹೃದಯದ ಬ್ಯಾನಿ ಇಲ್ಲದ 15,480 ಸಕ್ಕರಿ ಬ್ಯಾನಿಯವರಾಗ ಅರ್ಧ ಮಂದಿಗೆ ಆಸ್ಪಿರಿನ್, ಅರ್ಧ ಮಂದಿಗೆ ಔಷಧ ಇಲ್ಲದ ಬರೇ ಗುಳಿಗಿ ಕೊಟ್ಟು ಸರಾಸರಿ ಏಳು ವರ್ಷ ಕಾದ್ರು. 2018ರಾಗ ಲೆಕ್ಕ ಬಂತು. ಸಾವಿರ ಮಂದ್ಯಾಗ ಹೃದಯಾಘಾತ, ಲಕ್ವಾದಂಥಾ ಪೆಟ್ಟು 96 ಇದ್ದದ್ದು 85ಕ್ಕ ಇಳೀತು. ಜೋರು ರಕ್ತಸ್ರಾವ 32 ಇದ್ದದ್ದು 41ಕ್ಕ ಏರಿತು. ಹನ್ನೊಂದು ಗಳಿಸಿ ಒಂಬತ್ತು ಕಳಕೊಳ್ಳೋ ವ್ಯಾಪಾರ ಯಾರಿಗೆ ಬೇಕು, ಯಾರಿಗೆ ಬ್ಯಾಡ ಅನ್ನೂದನ್ನ ಡಾಕ್ಟರ್ ಹೇಳಬೇಕು. ಮ್ಯಾಲೆ ಡೆಂಗಿ ಬಂದು ಇದ್ದ ಪ್ಲೇಟ್‌ಲೆಟ್ ಇಳದಾಗ ಈ ಗುಳಿಗಿ ಹೊಟ್ಟ್ಯಾಗಿದ್ರ ರಕ್ತ ನಿಲ್ಲಿಸೂದು ಕಷ್ಟ.

ನಿಮ್ಮಪ್ಪಂದು ಬ್ಯಾರೆ ಮಾತು. ಸ್ಟೆಂಟ್ ಹಾಕಿದ ಎದಿ, ಡಾಕ್ಟರ್ ನಿಲ್ಲಸು ಅನ್ನೂತನಾ ಅಣ್ಣಗ ಅದು ಒಂದು ದಿನಾನೂ ತಪ್ಪಬಾರದು. ನೀ ಒಂದೊಂದ ಕದ್ದು ತಿಂದು ತಿಂಗಳ ಕಡೀಗೆ ಅವಂಗ ಕಡಿಮಿ ಬಿದ್ದೀತು!

ನಿನ್ನ ಕೈಯಾಗ ಇರೂದು ಸಿಗರೇಟ್. ಅದೂ ಪ್ಲೇಟ್‌ಲೆಟ್ ಕೆರಳಸತೈತಿ. ಅದನ್ನ ಬಿಡು. ಬಿಪಿ, ಕೊಲೆಸ್ಟ್ರಾಲ್, ಮೂರು ತಿಂಗಳ ಸಕ್ಕರಿ ಟೆಸ್ಟ್ ಮಾಡಿಸು.

ಇನ್ನೊಂದು ಹೇಳಾಕ ನಂಗ ನಾಚಿಕಿ. ಅಣ್ಣಗ ಅಟ್ಯಾಕ್ ಆದ ದಿನ ಹೊಲದಾಗ ಮೆಣಸಿನಕಾಯಿ ಬಿಡಿಸಾಕ ಹತ್ತಿದ್ವಿ. ಅಂವ ಬೆವತು ಬದುವಿನ ಮ್ಯಾಲೆ ಕುಂತ, ದಮ್ಮು ಬರಾಕ ಹತ್ತಿತ್ತು, ಎದಿ ನೋವಿಲ್ಲ ಅಂದ. ‘ವಾಯು ಆಗೇತಿ’ ಅಂತ ಲಿಂಬಿ ಸೋಡಾ ಕುಡಿಸಿದವ ನಾನ. ಎರಡು ತಾಸು ಹಾಳಾತು. ಅಣ್ಣನಂಥವರ ಹಳೇ ಸಕ್ಕರಿ ಬ್ಯಾನಿ ನರ ಮಂಕ ಮಾಡಿರ್ತೈತಿ, ನೋವಿಲ್ಲದನೂ ಅಟ್ಯಾಕ್ ಆಗ್ತೈತಿ ಅನ್ನೂದು ನಂಗ ಗೊತ್ತಿತ್ತು. ಹೊಲದಾಗ ನೆನಪಾಗಲಿಲ್ಲ.

ಈಗ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಐತಿ. ಸೇರಿದ ತಾಲೂಕು ದವಾಖಾನ್ಯಾಗ ಇಸಿಜಿ ತಗದು, ಬೇಕಾದ್ರ ಹೆಪ್ಪು ಕರಗಿಸೂ ಇಂಜೆಕ್ಷನ್ ಪುಕ್ಕಟೆ ಕೊಡ್ತಾರ. ನಮಗ ಹತ್ತಿರದ್ದು ಯಾವುದು ಅಂತ ನಾಳೆನ ಕೇಳಿ, ನಂಬರ್ ಗ್ವಾಡಿಗೆ ಬರದು ಹಚ್ಚು, ವೈನಿಗೂ ಕಾಣೂವಂಗ.

ಶನಿವಾರ ಮುಂಜಾನಿ ನಿನ್ನ ಟೆಸ್ಟ್ ಮಾಡಸಾಕ ಹುಬ್ಬಳ್ಳಿಗೆ ಹೋಗೂಣು, ಸ್ಟೇಷನ್ನಿನ್ಯಾಗ ಕಾಯ್ತೀನಿ. ಖಾಲಿ ಹೊಟ್ಟಿಲೆ ಬಾ, ರಕ್ತ ಕೊಟ್ಟ ಮ್ಯಾಲೆ ತಿನ್ನಾಕ ನಿಮ್ಮ ಚಿಗವ್ವ ರೊಟ್ಟಿ ಕಟ್ಟಿರ್ತಾಳ. ಬರೂವಾಗ ಆ ಗುಳಿಗಿ ಹಾಳಿನೂ ತಗೊಂಬಾ, ಡಾಕ್ಟರ್‌ಗ ನೀನ ತೋರಸಬೇಕು.