ತೊಟ್ಟಿಲಿಗೆಷ್ಟು, ತಾಯಿಗೆಷ್ಟು?

ಮಗಳು ಹುಟ್ಟಿದ ವರ್ಷದ ನಮ್ಮ ಖರ್ಚಿನ ಪುಸ್ತಕದಲ್ಲಿ 'ಮಗು' ಎಂಬ ಕಾಲಂ ಇದೆ, 'ಮನೆ' ಇದೆ, 'ಆಸ್ಪತ್ರೆ' ಇದೆ. ನಾನಿರುವುದು 'ಇತರೆ'ಯಲ್ಲಿ. ಮುಂದೆ ಹುಕ್ಕಿರುವ ಬ್ಲೌಸು, ಬೆನ್ನಿಗೆ ಒರಗು ಸಿಗುವ ಕುರ್ಚಿ, ಎಣ್ಣೆ ಹಚ್ಚಿ ನೀರು ಹಾಕಲು ಬರುತ್ತಿದ್ದ ಹೆಂಗಸಿನ ಸಂಬಳ, ಸೊಂಟನೋವಿನ ಫಿಸಿಯೋಥೆರಪಿ ಎಲ್ಲವೂ ಗ್ಯಾಸ್ ಲೈಟರು, ಗಣಪತಿ ಚಂದಾ, ಪಾರ್ಕಿಂಗ್ ಶುಲ್ಕಗಳ ಜೊತೆ ಸಾಲಾಗಿ ಕೂತಿವೆ. ಕಾಲಂ ಗೀಚಿದ್ದು ಗಂಡ, ತುಂಬಿದ್ದು ಇಬ್ಬರೂ.

ಕಾಲಂ ಯಾವುದಾದರೇನು, ದುಡ್ಡು ಹೋಗುವುದು ಒಂದೇ ಜೇಬಿನಿಂದ ಎನ್ನಬಹುದು. ಆದರೆ 'ಮಗು' ಕಾಲಮ್ಮಿಗೆ ಬಿದ್ದ ಖರ್ಚನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. 'ಇತರೆ'ಗೆ ಬಿದ್ದ ಪ್ರತಿಯೊಂದಕ್ಕೂ, ಬಾಯಿಬಿಟ್ಟು ಅಲ್ಲದಿದ್ದರೂ ಮುಖದಲ್ಲಿ, "ಬೇಕೇ ಬೇಕಾ?" ಎಂಬ ಪ್ರಶ್ನೆ ಇತ್ತು. ಹೀಗಾದಾಗ ದುಡ್ಡು ಸಹಜವಾಗಿ ಯಾರೂ ಪ್ರಶ್ನೆ ಕೇಳದ ಕಡೆಗೇ ಹೋಗುತ್ತದೆ. ಮೊದಲ ವರ್ಷದ ಬಜೆಟ್ಟು ಹದಗೆಡುವುದು ಇಲ್ಲಿಂದ ಎಂಬುದು ನನ್ನ ವಾದ.

ಮೊದಲು ಮಗುವಿನ ಕೋಣೆ. ಗರ್ಭಿಣಿಯ ಏಳನೇ ತಿಂಗಳೆಂದರೆ ನಮ್ಮ ಧಾರವಾಡದ ಕಡೆ ಕುಬುಸದ ಗಡಿಬಿಡಿ. ಬೆಂಗಳೂರಿನಲ್ಲಿ ಅದರ ಜೊತೆಗೆ ಗೋಡೆಯ ಬಣ್ಣದ ಗಡಿಬಿಡಿ. ಮೋಡ, ಆನೆ, ಬಿಸಿಗಾಳಿ ಬಲೂನು, ಹೆಸರಿನ ಮೊದಲಕ್ಷರದ ಮರದ ತುಂಡು. ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರು ದೂರ. ಎದೆಗವಚಿಕೊಂಡಾಗ ತಾಯಿಯ ಮುಖ ಎಷ್ಟು ದೂರವಿರುತ್ತದೋ ಅಷ್ಟು. ಆಚೆ ಗೋಡೆಯ ಆನೆ ಅದರ ಪಾಲಿಗೆ ಇಲ್ಲವೇ ಇಲ್ಲ. ಮೊದಲ ಆರು ತಿಂಗಳಾದರೂ ಮಗು ತಂದೆತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ ಎನ್ನುತ್ತಾರೆ ಮಕ್ಕಳ ವೈದ್ಯರು. ಹಾಸಿಗೆ ಗಟ್ಟಿಯಾಗಿ ಸಪಾಟಾಗಿರಬೇಕು. ದಿಂಬು, ಮೆತ್ತನೆಯ ಗೊಂಬೆ, ಸುತ್ತ ಕಟ್ಟುವ ಹತ್ತಿಯ ಅಂಚು ಯಾವುದೂ ಬೇಡ ಎನ್ನುವವರೂ ಅವರೇ. ಅಂಗಡಿಯವರು 'ಸೆಟ್' ಎಂದು ಕಟ್ಟಿಕೊಡುವುದು ಸರಿಯಾಗಿ ಇವುಗಳನ್ನೇ. ಹಾಲಿನ ಪುಡಿಗೂ ಹಾಲುಣಿಸುವ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲವೆಂದು 1992ರ ಕಾಯ್ದೆ ಹೇಳುತ್ತದೆ. ಮೋಡದ ವಾಲ್‌ಪೇಪರಿಗೆ ಅಂಥ ಕಾಯ್ದೆಯಿಲ್ಲ.

ಬಾಡಿಗೆ ಮನೆಯಾದರೆ ಲೆಕ್ಕ ಇನ್ನೂ ತಮಾಷೆಯಾಗುತ್ತದೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ 'ಪೇಂಟಿಂಗ್' ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಬಾಡಿಗೆದಾರರಿಗೆಲ್ಲ ಗೊತ್ತಿರುವ ಪದ್ಧತಿ. ನೀವು ಕೈಯಿಂದ ಹಾಕಿ ಬರೆಸಿದ ಆನೆಯನ್ನು ನಿಮ್ಮದೇ ದುಡ್ಡಿನಲ್ಲಿ ಓನರು ಅಳಿಸುತ್ತಾರೆ. ಹಾಗಾಗಿ ನಮ್ಮ ಗೋಡೆ ಬೆಳ್ಳಗೇ ಉಳಿಯಿತು. ಬಣ್ಣ ಬಳಿಸಲೇಬೇಕು ಎನ್ನುವವರಿಗೆ ಒಂದು ಮಾತು: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವಿರುವ ಗೋಡೆ, ಕಿಟಕಿಗಳನ್ನು ಉಜ್ಜಿಸುವಾಗ ಗರ್ಭಿಣಿ ಆ ಮನೆಯಲ್ಲಿರಬಾರದು.

ಪೀಠೋಪಕರಣಕ್ಕೆ ಬರೋಣ. ಡೈಪರ್ ಬದಲಿಸುವ ಮೇಜು ಕೂಡಿದ ಒಂದು ಕಪಾಟು ನನಗೂ ಇಷ್ಟವಾಗಿತ್ತು. ಸುಮಾರು 30,000 ರೂಪಾಯಿ, 12 ತಿಂಗಳ 'ನೋ ಕಾಸ್ಟ್ ಇಎಂಐ'. ಈ ಬಡ್ಡಿಯಿಲ್ಲದ ಕಂತಿನ ಒಳಗುಟ್ಟು ಹೀಗೆ: ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಂಗಡಿಯವನು ಅಷ್ಟನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ಬಿಡುತ್ತಾನೆ. ವರ್ಷಕ್ಕೆ ಶೇ 15ರ ಬಡ್ಡಿಯಾದರೆ ಸಾಲ ಸುಮಾರು 27,700, ಬಡ್ಡಿ 2,300. ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 414 ರೂಪಾಯಿ. ಅದನ್ನು ಕಟ್ಟುವವರು ನೀವು. ಸಂಸ್ಕರಣಾ ಶುಲ್ಕ 199 ಇದ್ದರೆ ಅದಕ್ಕೂ ತೆರಿಗೆ. ಒಟ್ಟು ಸುಮಾರು 650 ರೂಪಾಯಿ. ಇದೇನು ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ನನ್ನ ತಕರಾರು 650ರದ್ದಲ್ಲ, ತಾರೀಖಿನದ್ದು. ಏಳನೇ ತಿಂಗಳಲ್ಲಿ, ಎರಡು ಸಂಬಳ ಬರುವಾಗ ಮಾಡಿದ ಸಾಲದ ಕೊನೆಯ ಕಂತುಗಳು ಬೀಳುವುದು ಒಂದೇ ಸಂಬಳ ಉಳಿದಿರುವಾಗ.

ಇದು ಹೇಗೆಂದರೆ, ಹೆರಿಗೆ ರಜೆ 26 ವಾರ. 2017ರ ತಿದ್ದುಪಡಿಯಿಂದ ಬಂದದ್ದು, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಮೊದಲ ಎರಡು ಮಕ್ಕಳಿಗೆ 26, ಆಮೇಲೆ 12. ಹೆರಿಗೆಗೂ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರಿಗೆ ಕೂಸು ಕೈಗೆ ಬಂದ ಮೇಲೆ ಉಳಿಯುವುದು 18 ವಾರ, ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳು ಬರೀ ಎದೆಹಾಲೇ ಸಾಕು ಎನ್ನುವ ವೈದ್ಯರ ಮಾತಿಗೂ ಈ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಆಗ ಸಂಬಳವಿಲ್ಲದ ರಜೆ ಶುರು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದೂ ಕಾನೂನಿದೆ. ನಾನು ಆಗ ದುಡಿಯುತ್ತಿದ್ದ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಿದಾಗ, ಕೇಳಿದ ಮೊದಲಿಗಳು ನಾನೇ ಎಂದು ಅಭಿನಂದಿಸಿದರು. ಗುತ್ತಿಗೆಯವರು, ಮನೆಯಲ್ಲೇ ಕೂತು ತುಣುಕು ಕೆಲಸ ಮಾಡುವವರ ವಿಷಯ ಎತ್ತಲೇಬೇಡಿ. ಅವರಲ್ಲಿ ಅನೇಕರ ರಜೆ ಮೊದಲ ದಿನದಿಂದಲೇ ಸಂಬಳವಿಲ್ಲದ್ದು.

ಸಂಬಳ ನಿಂತರೆ ಕಣ್ಣಿಗೆ ಕಾಣುವುದು ಸಂಬಳ ಮಾತ್ರ. ಅದರ ಬೆನ್ನಿಗೆ ನಿಲ್ಲುವ ಭವಿಷ್ಯನಿಧಿ ಕಾಣುವುದಿಲ್ಲ. ಮೂಲವೇತನ 30,000 ಇರುವ ಹೆಣ್ಣುಮಗಳಿಗೆ ತಿಂಗಳಿಗೆ ಅವಳದು 3,600, ಕಂಪನಿಯದು 3,600 ಜಮೆಯಾಗಬೇಕು. ಕಂಪನಿಯ ಪಾಲಿನಲ್ಲಿ 1,250 ಪಿಂಚಣಿಗೆ ಹೋದರೂ ಉಳಿದ 5,950 ಅವಳ ಖಾತೆಗೆ. ಆರು ತಿಂಗಳು ಸಂಬಳವಿಲ್ಲದೆ ಕಳೆದರೆ 35,700 ರೂಪಾಯಿ ಬೀಳುವುದೇ ಇಲ್ಲ. ಈಚಿನ ವರ್ಷಗಳ ಶೇ 8.25ರ ದರವೇ 25 ವರ್ಷ ಮುಂದುವರಿಯಿತೆಂದರೆ ಅದು ಸುಮಾರು ಎರಡೂವರೆ ಲಕ್ಷವಾಗುತ್ತಿತ್ತು. ಮಗುವಿನ ಖರ್ಚು ಎಂದಾಗ ನಾವು ಡೈಪರು, ಲಸಿಕೆ, ತೊಟ್ಟಿಲು ಎಣಿಸುತ್ತೇವೆ. ಈ ಎರಡೂವರೆ ಲಕ್ಷವನ್ನು ಯಾವ ಕಾಲಮ್ಮಿನಲ್ಲೂ ಬರೆದವರನ್ನು ನಾನು ಕಂಡಿಲ್ಲ. ಬರೆಯುವುದಿದ್ದರೆ 'ಇತರೆ'ಯಲ್ಲೇ ಬರೆಯುತ್ತಿದ್ದರೋ ಏನೋ.

ಬಟ್ಟೆಬರೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಬಾಣಂತಿ ಎಂದರೆ ತಲೆಗೆ ಸ್ಕಾರ್ಫು, ಬಣ್ಣಗೆಟ್ಟ ನೈಟಿ ಎಂದು ಯಾರು ಬರೆದಿಟ್ಟರೋ. ಚೆಂದ ಕಾಣಬೇಕೆಂಬ ಆಸೆ ಹೆರಿಗೆಯ ಜೊತೆ ಹೊರಗೆ ಬಂದುಬಿಡುವುದಿಲ್ಲ. ಆದರೆ ಪೇಟೆಯಲ್ಲಿ 'ನರ್ಸಿಂಗ್ ವೇರ್' ಎಂದು ಮಾರುವ ಕುರ್ತಾಗಳನ್ನು ನೋಡಿ. ಎರಡು ಗುಪ್ತ ಜಿಪ್ಪಿಗೆ ಬೆಲೆ ಎಲ್ಲಿಗೋ ಹೋಗುತ್ತದೆ. ಅದೇ ಜಿಪ್ಪನ್ನು ನಮ್ಮ ಬೀದಿಯ ಟೇಲರು ನನ್ನ ಹಳೆಯ ಕುರ್ತಾಗಳಿಗೆ ಹೊಲಿಗೆಯ ಸಂದಿನಲ್ಲಿ ಇಟ್ಟುಕೊಟ್ಟರು, ಹೊರಗೆ ಗೊತ್ತೇ ಆಗದ ಹಾಗೆ. ಬ್ಲೌಸುಗಳ ವಿಷಯವಂತೂ ನಮ್ಮ ಟೇಲರುಗಳ ದೂರದೃಷ್ಟಿಗೆ ಸಾಕ್ಷಿ. ಪಕ್ಕದ ಹೊಲಿಗೆಯೊಳಗೆ ಬಟ್ಟೆ ಬಿಟ್ಟು, ಎರಡು ಮೂರು ಸಾಲು ಹಾಕಿರುತ್ತಾರೆ. ಮೈ ತುಂಬಿದಾಗ ಒಂದು ಸಾಲು ಬಿಚ್ಚಿದರಾಯಿತು, ಇಳಿದಾಗ ಮತ್ತೆ ಹಾಕಿದರಾಯಿತು. ರೆಡಿಮೇಡಿನಲ್ಲಿ ಆ ಬಟ್ಟೆಯನ್ನು ಉಳಿಸಿ ಲಾಭ ಮಾಡಿಕೊಂಡಿರುತ್ತಾರೆ. ಆದ್ದರಿಂದ ಮೊದಲ ವರ್ಷ ಹೊಸ ಅಳತೆಯ ಬಟ್ಟೆಗೆ ದುಡ್ಡು ಹಾಕಬೇಡಿ, ಅಳತೆ ನಿಲ್ಲುವುದಿಲ್ಲ.

ಹೆಸರಿಡುವ ದಿನಕ್ಕೆ ಹೊಸ ರೇಷ್ಮೆ ಸೀರೆ ಎಂದು ಮನೆಯವರ ಒತ್ತಾಯ. ಎದೆಹಾಲು ಸೋರಿ ರೇಷ್ಮೆಯ ಮೇಲೆ ಬಿದ್ದ ಕಲೆ ಡ್ರೈಕ್ಲೀನಿಂಗಿನವರಿಗೂ ಸವಾಲೇ. ನಾನು ಉಟ್ಟದ್ದು ಅವ್ವನ ಹಳೆಯ ಇಳಕಲ್ಲು. ಒಡಲು ನೂಲಿನದು, ಸೆರಗಷ್ಟೇ ರೇಷ್ಮೆ. ಮಗಳಿಗೆ ಗುಳೇದಗುಡ್ಡದ ಖಣದ ಕುಂಚಿಗೆ. ಉಳಿದ ಖಣದ ತುಂಡಿನಲ್ಲಿ ಅವ್ವ ಎರಡು ದಿಂಬಿನ ಕವಚ ಹೊಲಿದಳು. ಇಡೀ ಮನೆಯಲ್ಲಿ ಬಂದವರೆಲ್ಲ ಮುಟ್ಟಿ ನೋಡಿ "ಎಲ್ಲಿ ತಂದ್ರಿ?" ಎಂದು ಕೇಳಿದ ಅಲಂಕಾರವೆಂದರೆ ಅದೊಂದೇ.

ಅಲಂಕಾರಕ್ಕೆ ದುಡ್ಡು ಹಾಕಲೇಬೇಕೆಂದರೆ ಎಲ್ಲಿ ಹಾಕಬೇಕು? ನನ್ನ ಉತ್ತರ, ನೆಲಕ್ಕೆ ಮತ್ತು ಕುರ್ಚಿಗೆ. ಆರು ತಿಂಗಳ ನಂತರ ಮಗುವಿನ ಸಂಸಾರವೆಲ್ಲ ನೆಲದ ಮೇಲೆ. ಅಲ್ಲಿಗೆ ಗಟ್ಟಿಯಾದ ನೂಲಿನ ಜಮಖಾನ ಬೇಕು, ಅದರ ಮೇಲೊಂದು ಕೌದಿ ಬೇಕು. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ ವರ್ಷಗಟ್ಟಲೆ ತುಳಿದರೂ ಜಗ್ಗದು. ಕೌದಿಗಂತೂ ಬಟ್ಟೆಯ ಖರ್ಚೇ ಇಲ್ಲ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವುದು, ಕೊಡಬೇಕಾದ್ದು ಕೂಲಿ. ಅದರಲ್ಲಿ ಚೌಕಾಸಿ ಮಾಡಬೇಡಿ. ಒಂದೊಂದು ಟಾಕಿಯೂ ಕೈಹೊಲಿಗೆ. ಆಟಿಕೆಗೆ ಚನ್ನಪಟ್ಟಣದ ಹಾಲೆಮರದ ಗಿಲಕಿ ಸಾಕು.

ಕುರ್ಚಿಯ ಬಗ್ಗೆ ನಾನು ಮನೆಯಲ್ಲಿ ಜಗಳವನ್ನೇ ಆಡಿದ್ದೇನೆ. ಹಾಲುಣಿಸುವುದು ದಿನಕ್ಕೆ ಎಂಟು ಹತ್ತು ಸಲದ ಕೆಲಸ, ಅದರಲ್ಲಿ ಕೆಲವು ನಡುರಾತ್ರಿ. ಮೊಣಕೈಗೆ ಆಸರೆ, ಕಾಲು ನೆಲಕ್ಕೆ ಮುಟ್ಟುವ ಎತ್ತರ, ಪಕ್ಕದಲ್ಲಿ ನೀರಿನ ತಂಬಿಗೆ ಇಡಲು ಜಾಗ, ಕಣ್ಣಿಗೆ ಚುಚ್ಚದ ಹಳದಿ ದೀಪ. ಇಷ್ಟಕ್ಕೆ ಆ ಕಪಾಟಿನ ಬೆಲೆಯ ಅರ್ಧವೂ ಆಗಲಿಲ್ಲ. ಕಪಾಟಿಗೆ ಚಕಾರವೆತ್ತದಿದ್ದವರು ಕುರ್ಚಿಗೆ "ಗ್ವಾಡಿಗೆ ಆತು ಕೂತ್ರ ಆಗೂದಿಲ್ಲೇನು?" ಎಂದರು. ಕಪಾಟು ಬರಲಿಲ್ಲ, ಕುರ್ಚಿ ಬಂತು. ಈಗ ಅದರಲ್ಲಿ ಮಾವನವರು ಕೂತು ಪೇಪರು ಓದುತ್ತಾರೆ.

ಡೈಪರಿನ ಲೆಕ್ಕದಲ್ಲೂ ಇದೇ ಕಥೆ. ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ, ದಿನಕ್ಕೆ ಆರೇಳು. ತಿಂಗಳಿಗೆ ಎರಡು ಸಾವಿರ ಸಲೀಸು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದೊಂದು ಸಮಾಧಾನ. ಬಟ್ಟೆಯ ಲಂಗೋಟಿ ಕಟ್ಟಿದರೆ ಎರಡು ಸಾವಿರ ಉಳಿಯುತ್ತದೆ ಎಂದು ಹಿರಿಯರು ಹೇಳುವುದು ನಿಜ. ಆದರೆ ನೆನೆಸುವುದು, ತೊಳೆಯುವುದು, ಬೆಂಗಳೂರಿನ ಜಡಿಮಳೆಯಲ್ಲಿ ಹಾಲ್‌ನ ನಟ್ಟನಡುವೆ ಸ್ಟ್ಯಾಂಡ್ ಹಾಕಿ ಒಣಗಿಸುವುದು, ಇಸ್ತ್ರಿ ಮಾಡಿ ಮಡಚುವುದು ಯಾರ ಕೈ? ಆ ಕೈಗೆ ಸಂಬಳವಿದ್ದರೆ ಉಳಿತಾಯ ಎಷ್ಟು ಎಂದು ಲೆಕ್ಕ ಹಾಕಿ, ಆಮೇಲೆ ಮಾತಾಡೋಣ. ನಾವು ಹಗಲು ಬಟ್ಟೆ, ರಾತ್ರಿ ಡೈಪರು ಎಂದು ರಾಜಿಯಾದೆವು. ಒಗೆಯುವ ಪಾಳಿ ಗಂಡನದು.

ಉಡುಗೊರೆಗಳು. ಬೆಳ್ಳಿಯ ಒಳಲೆ ಒಂದು ಸಾಕಿತ್ತು, ಹಲವು ಬಂದವು. ಉಂಗುರಗಳಂತೂ ಮಗುವಿನ ಬೆರಳಿಗೆ ವರ್ಷ ತುಂಬುವುದರೊಳಗೆ ಬಿಗಿ. ಮರಳಿ ಮಾರಲು ಹೋದರೆ ಮಜೂರಿ ಮಣ್ಣುಪಾಲು. ಹತ್ತಿರದವರಿಗೆ ನಾನು ನಾಚಿಕೆ ಬಿಟ್ಟು ಹೇಳಿದೆ: ಕೊಡುವುದಾದರೆ ಸುಕನ್ಯಾ ಖಾತೆಗೆ ಕೊಡಿ. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ, 15 ವರ್ಷ ಕಟ್ಟಬೇಕು. ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. ಮಗಳಿಗೆ 21 ತುಂಬಿದಾಗ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಾಗಿ ಹತ್ತನೇ ವಯಸ್ಸಿನ ಅಂಚಿನವರೆಗೆ ಕಾಯದೆ ಕೂಸಿರುವಾಗಲೇ ತೆರೆಯುವುದು ಜಾಣತನ. ಜನನ ಪ್ರಮಾಣಪತ್ರ ಬೇಕಾಗುತ್ತದೆ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಅದೇ ಓಡಾಟದಲ್ಲಿ ಕೂಸಿನ ಹೆಸರನ್ನು ಆರೋಗ್ಯ ವಿಮೆಗೂ ಸೇರಿಸಿ. ಕಂಪನಿಯ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸೇರಿಸಬಹುದು, ಸ್ವಂತ ಪಾಲಿಸಿಗಳಲ್ಲಿ ಹೆಚ್ಚಾಗಿ 90 ದಿನ ಕಳೆಯಬೇಕು.

ಆದರೆ ಸುಕನ್ಯಾಗೆ ತಿಂಗಳಿಗೆ ಐದು ಸಾವಿರ ಕಟ್ಟಿ, ತಾಯಿಯ ಖಾತೆ ಆರು ತಿಂಗಳಿಂದ ಖಾಲಿ ಬಿದ್ದಿರುವ ಮನೆಗಳು ನನಗೆ ಗೊತ್ತು. 21 ವರ್ಷದ ನಂತರದ ಮದುವೆಗೆ ದುಡ್ಡಿದೆ, ಈ ತಿಂಗಳು ತನ್ನ ಪರೀಕ್ಷೆಗೆಂದು ಲ್ಯಾಬಿಗೆ ಹೋಗಲು ಅವಳು ಗಂಡನನ್ನು ಕೇಳಬೇಕು. ನಾನು ಕ್ರಮ ತಿರುಗಿಸಿದೆ. ರಜೆ ಶುರುವಾಗುವ ಮುಂಚೆಯೇ, ಸಂಬಳವಿಲ್ಲದ ತಿಂಗಳುಗಳಿಗೆಂದು ನನ್ನ ಹೆಸರಿನಲ್ಲಿ ಬೇರೆ ಉಳಿತಾಯ ಖಾತೆ. ರಜೆಯಲ್ಲಿ ನಿಂತುಹೋದ ಭವಿಷ್ಯನಿಧಿಗೆ ಬದಲಾಗಿ ಗಂಡನ ಖಾತೆಯಿಂದ ನನ್ನ ಪಿಪಿಎಫ್‌ಗೆ ಪ್ರತಿ ತಿಂಗಳು ಜಮೆ. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆಯಿಲ್ಲ. ಅದರಿಂದ ಬರುವ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ, ಆದರೆ ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲದ್ದರಿಂದ ಆ ತಕರಾರೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರು ಹೆಂಡತಿಯ ಪಿಪಿಎಫ್‌ಗೆ ಕಟ್ಟಿದ್ದಕ್ಕೂ ಒಂದೂವರೆ ಲಕ್ಷದ ಮಿತಿಯೊಳಗೆ ವಿನಾಯಿತಿ ಕೇಳಬಹುದು. ಪಿಪಿಎಫ್‌ನಲ್ಲಿ ಬಡ್ಡಿ ಲೆಕ್ಕ ಹಾಕುವುದು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ. 6ಕ್ಕೆ ಕಟ್ಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ. ನಮ್ಮ ಬ್ಯಾಂಕಿಗೆ ಕೊಟ್ಟ ಸ್ಥಾಯಿ ಸೂಚನೆ 3ನೇ ತಾರೀಖಿನದು, ಬಾಡಿಗೆ ಹೋಗುವ ಎರಡು ದಿನ ಮುಂಚೆ.