ಅರ್ಧ ಸೆಕೆಂಡಿನ ವ್ಯತ್ಯಾಸ

ಮಗಳೇ, ಬಿಸಿಎ ಮುಗಿಯುತ್ತಾ ಬಂತು, ಸೈಬರ್ ಸೆಕ್ಯುರಿಟಿಗೆ ಹೋಗಬೇಕು, ಎಥಿಕಲ್ ಹ್ಯಾಕಿಂಗ್ ಕೋರ್ಸ್ ಸೇರಲೋ ಕ್ಲೌಡ್ ಕಡೆ ಹೋಗಲೋ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಹೇಳುವ ಮುಂಚೆ ನಡೆದ ಎರಡು ಸಂಗತಿ ಹೇಳುತ್ತೇನೆ. ಎರಡರಲ್ಲೂ ಕಳ್ಳಗಿಂಡಿಯನ್ನು ಪತ್ತೆ ಮಾಡಿದವರು ಭದ್ರತಾ ತಜ್ಞರಾಗಿರಲಿಲ್ಲ.

1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಇದ್ದರು. ಅನುದಾನ ಮುಗಿದಿದ್ದರಿಂದ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಹಾಕಿದ್ದರು. ಆಗೆಲ್ಲ ಕಂಪ್ಯೂಟರ್ ಬಳಸಿದ ಸಮಯಕ್ಕೆ ಲೆಕ್ಕ ಹಾಕಿ ಬಿಲ್ ಮಾಡುತ್ತಿದ್ದರು. ಆ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರು. ಸ್ಟಾಲ್ ಬಿಡದೆ ತಿಂಗಳುಗಟ್ಟಲೆ ಅದರ ಬೆನ್ನು ಹತ್ತಿದರು. ಕೊನೆಗೆ ಸಿಕ್ಕಿದ್ದು, ಜರ್ಮನಿಯ ಹ್ಯಾನೋವರ್‌ನಲ್ಲಿ ಕೂತು ಅಮೆರಿಕದ ಸೇನಾ ಕಂಪ್ಯೂಟರ್‌ಗಳಿಗೆ ನುಗ್ಗಿ, ಕದ್ದ ಮಾಹಿತಿಯನ್ನು ಸೋವಿಯತ್ ಕೆಜಿಬಿಗೆ ಮಾರುತ್ತಿದ್ದ ಗುಂಪು.

ಇನ್ನೊಂದು ಮೊನ್ನೆ ಮೊನ್ನೆಯದು, 2024ರ ಮಾರ್ಚ್ ತಿಂಗಳದು. ಆಂಡ್ರೆಸ್ ಫ್ರಾಯಿಂಡ್ ಡೇಟಾಬೇಸ್ ಎಂಜಿನಿಯರ್. ತಮ್ಮ ಲಿನಕ್ಸ್ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವುದು ಎಂದಿಗಿಂತ ಅರ್ಧ ಸೆಕೆಂಡ್ ನಿಧಾನವಾಗಿದೆ ಎನ್ನಿಸಿ ಅದರ ಕಾರಣ ಹುಡುಕುತ್ತಾ ಹೋದರು. ಎಕ್ಸ್‌ಜೆಡ್ ಎಂಬ, ಫೈಲ್ ಕುಗ್ಗಿಸುವ ಸಣ್ಣ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು ಕೂರಿಸಿದ್ದರು. ಕೂರಿಸಿದವರು ವರ್ಷಗಟ್ಟಲೆ ಒಳ್ಳೆಯ ಕೆಲಸಗಾರರಂತೆ ನಡೆದುಕೊಂಡು, ಅದನ್ನು ನೋಡಿಕೊಳ್ಳುತ್ತಿದ್ದವರ ವಿಶ್ವಾಸ ಗಳಿಸಿದ್ದರು. ಕೆಲವು ಲಿನಕ್ಸ್‌ಗಳ ಪರೀಕ್ಷಾ ಆವೃತ್ತಿಗಳವರೆಗೆ ಅದು ಬಂದಾಗಿತ್ತು. ಫ್ರಾಯಿಂಡ್ ನೋಡದಿದ್ದರೆ ಜಗತ್ತಿನ ಅದೆಷ್ಟೋ ಸರ್ವರ್‌ಗಳೊಳಗೆ ಸೇರಿಕೊಳ್ಳುತ್ತಿತ್ತು.

ಇಬ್ಬರಿಗೂ ತಮ್ಮ ಯಂತ್ರ ದಿನವೂ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಹಸು ಇವತ್ತು ಸರಿಯಾಗಿ ಮೆಲುಕು ಹಾಕುತ್ತಿಲ್ಲ ಎಂದು ಮೊದಲು ತಿಳಿಯುವುದು ದಿನಾ ಮೇವು ಹಾಕುವವರಿಗೇ ಹೊರತು ವರ್ಷಕ್ಕೊಮ್ಮೆ ಬರುವ ಡಾಕ್ಟರಿಗಲ್ಲ. ಈ ವೃತ್ತಿಯ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಒಡೆಯುವುದನ್ನು ಕಲಿಸುವ ಕೋರ್ಸ್‌ಗಳು ಬೇಕಾದಷ್ಟಿವೆ. ಸರಿಯಾಗಿ ನಡೆಯುತ್ತಿರುವುದನ್ನು ನೋಡಲು ಕಲಿಸುವವರು ಕಡಿಮೆ, ಆದ್ದರಿಂದ ಅದನ್ನು ನೀನೇ ಕಲಿಯಬೇಕು.

ಹಾಗಾಗಿ ಹ್ಯಾಕಿಂಗ್ ಟೂಲ್‌ಗಳೊಂದಿಗೇ ಬರುವ ಕಾಲಿ ಲಿನಕ್ಸ್ ಹಾಕಿಕೊಂಡು ಅದರೊಳಗಿನ ನೂರಾರು ಟೂಲ್‌ಗಳನ್ನು ಒಂದೊಂದಾಗಿ ಒತ್ತಿ ನೋಡುವ ಆಸೆಯನ್ನು ಆರು ತಿಂಗಳು ತಡೆದುಕೋ. ಉಬುಂಟು ಸಾಕು. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಯಂತ್ರ ಮಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಮಾತಾಡಿಸು. ಜಾಲದಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟು, ಬ್ರೌಸರ್‌ನಲ್ಲಿ ಒಂದೇ ಒಂದು ಪುಟ ತೆರೆ. ಹೆಸರು ಕೇಳಲು ಡಿಎನ್‌ಎಸ್‌ಗೆ ಹೋದ ಪ್ರಶ್ನೆ ಯಾವುದು, ಟಿಸಿಪಿಯ ಮೊದಲ ಮೂರು ಪ್ಯಾಕೆಟ್ ಯಾವುವು, ಯಾವ ಸಾಲಿನಿಂದ ಮುಂದೆ ಮಾತು ಗೂಢಲಿಪಿಗೆ ತಿರುಗಿತು ಎಂದು ಬೆರಳಿಟ್ಟು ತೋರಿಸಲು ಬರಬೇಕು. ಇದಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ. ಲಿನಕ್ಸ್ ಕಮಾಂಡ್‌ಗಳಿಗೆ ಓವರ್‌ದವೈರ್‌ನ ಬ್ಯಾಂಡಿಟ್ ಆಟ ಇದೆ, ವೆಬ್ ದೋಷಗಳಿಗೆ ಪೋರ್ಟ್‌ಸ್ವಿಗ್ಗರ್ ಅಕಾಡೆಮಿಯ ಪಾಠಗಳಿವೆ. ಎರಡೂ ಉಚಿತ. ಪೈಥಾನ್ ಅಷ್ಟಿಷ್ಟು ಬರಲಿ. ಇಷ್ಟು ಆಗುವ ಮುಂಚೆ ಯಾವ ಸಂಸ್ಥೆಯವರು ಕೆಲಸ ಗ್ಯಾರಂಟಿ ಎಂದರೂ ಲಕ್ಷಗಟ್ಟಲೆ ಫೀಸ್ ಕಟ್ಟಬೇಡ, ಸಾಲ ಮಾಡಿಯಂತೂ ಖಂಡಿತ ಬೇಡ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನದಲ್ಲದ ಯಂತ್ರವನ್ನು, ಲಿಖಿತ ಅನುಮತಿ ಇಲ್ಲದೆ, ಕುತೂಹಲಕ್ಕೂ ಮುಟ್ಟಬೇಡ. ಕಾಲೇಜಿನ ಫಲಿತಾಂಶದ ಜಾಲತಾಣ ಸಡಿಲವಾಗಿ ಕಂಡರೂ ಅಷ್ಟೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅನುಮತಿಯಿಲ್ಲದ ಪ್ರವೇಶದ ಬಗ್ಗೆಯೇ ಇದೆ. ಅದೇ ಕೃತ್ಯದಲ್ಲಿ ಅಪ್ರಾಮಾಣಿಕ ಉದ್ದೇಶ ಕಂಡರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ತಪ್ಪು ಹೇಗೆ ಬೆನ್ನು ಹತ್ತುತ್ತದೆ ನೋಡು. ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ಹುಡುಗ 2017ರ ಮೇ ತಿಂಗಳಲ್ಲಿ ಒಂದು ಡೊಮೈನ್ ಹೆಸರು ನೋಂದಾಯಿಸಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡುವುದನ್ನು ನಿಲ್ಲಿಸಿದ. ಲೋಕವೆಲ್ಲ ಹೊಗಳಿತು. ಅದೇ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಅವನ ಬಂಧನವಾಯಿತು. ಚಿಕ್ಕ ವಯಸ್ಸಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಬರೆದಿದ್ದ ಆರೋಪ ಅದು, 2019ರಲ್ಲಿ ತಪ್ಪೊಪ್ಪಿಕೊಂಡ. ನ್ಯಾಯಾಧೀಶರು ಕರುಣೆ ತೋರಿ ಮತ್ತೆ ಜೈಲಿಗೆ ಕಳಿಸಲಿಲ್ಲ, ಆದರೆ ಬದುಕಿನ ಎರಡು ವರ್ಷ ಹೋಯಿತು. ದೋಷ ಕಣ್ಣಿಗೆ ಬಿದ್ದರೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸುವ ದಾರಿ ಇದೆ.

ಇನ್ನು ದಿಕ್ಕಿನ ಮಾತು. ಪದನಾಮ ನೋಡಿ ಆರಿಸಬೇಡ. ಯಾವುದರ ದಿನನಿತ್ಯದ ನಡೆ ನಿನಗೆ ಬೇಸರ ತರುವುದಿಲ್ಲ ಎಂದು ನೋಡು. ಎಸ್‌ಒಸಿ (ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್) ಅನಾಲಿಸ್ಟ್ ಎಂದರೆ ಪಾಳಿಯಲ್ಲಿ ಕೂತು ಲಾಗ್ ಓದುವುದು, ಬಂದ ಎಚ್ಚರಿಕೆಗಳಲ್ಲಿ ಸುಳ್ಳು ಯಾವುದು ನಿಜ ಯಾವುದು ಎಂದು ಬೇರ್ಪಡಿಸುವುದು. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಆ 6 ಗಂಟೆ ಶುರುವಾಗುವುದು ಪಾಳಿಯಲ್ಲಿರುವವರ ಕಣ್ಣಿನಿಂದ. ಹೊಸಬರಿಗೆ ಸಿಗುವ ಬಾಗಿಲು ಹೆಚ್ಚಾಗಿ ಇದೇ, ಕೀಳೆಂದು ತಿಳಿಯಬೇಡ. ಪೆನೆಟ್ರೇಶನ್ ಟೆಸ್ಟರ್ ಕೆಲಸದಲ್ಲಿ ಒಳನುಗ್ಗುವ ಸಂಭ್ರಮ ಸ್ವಲ್ಪ, ವರದಿ ಬರೆಯುವುದು ಬಹಳ. ಕೋಡ್ ಓದುವುದರಲ್ಲಿ ಸುಖವಿದ್ದರೆ ಅಪ್ಲಿಕೇಶನ್ ಸೆಕ್ಯುರಿಟಿ. ಕಾನೂನಿನ ಪಠ್ಯ, ಆಡಿಟ್, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂಥವನ್ನು ತಾಳ್ಮೆಯಿಂದ ಓದಬಲ್ಲೆಯಾದರೆ ನಿಯಮ ಪಾಲನೆಯ ವಿಭಾಗ. ಅಲ್ಲಿ ಒಳ್ಳೆಯವರ ಕೊರತೆ ಇದೆ, ಕಾಮರ್ಸ್ ಓದಿದವರೂ ಬರುತ್ತಿದ್ದಾರೆ. ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ 5 ವರ್ಷದ ಅನುಭವ ಕೇಳುತ್ತಾರೆ, ಈಗ ಅದರ ಗೊಡವೆ ಬೇಡ.

ನನಗೆ ಒಂದು ಆಸೆ ಇದೆ, ಅದನ್ನೂ ಮುಚ್ಚಿಡುವುದಿಲ್ಲ. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಹಣ ಹೋಯಿತು. ಒಟಿಪಿ ಬಂದಿರಲಿಲ್ಲ, ಪಿನ್ ಯಾರಿಗೂ ಹೇಳಿರಲಿಲ್ಲ. ನೋಂದಣಿ ಪತ್ರದಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚು ಎರಡನ್ನೂ ನಕಲು ಮಾಡಿ, ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಯಲ್ಲಿ ತೆಗೆದಿದ್ದರು. ಇದನ್ನು ಮೊದಲೇ ಊಹಿಸಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಎಲ್ಲಿ ಒತ್ತಿಸುತ್ತಾರೆ, ಆ ಪ್ರತಿ ಯಾರ ಯಾರ ಕಣ್ಣಿಗೆ ಬೀಳುತ್ತದೆ, ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಯಂತ್ರ ಏನನ್ನು ಮಾತ್ರ ಕೇಳುತ್ತದೆ ಎಂಬ ಮೂರೂ ಗೊತ್ತಿರಬೇಕಿತ್ತು. ವಿದೇಶಿ ಪುಸ್ತಕ ಓದಿ ಬಂದವರಿಗೆ ಇದು ಗೊತ್ತಾಗದು. ನಿನಗೆ ಗೊತ್ತಾಗುತ್ತದೆ. ತಾಲೂಕಿನ ಸಹಕಾರಿ ಬ್ಯಾಂಕ್, ಜಿಲ್ಲಾಸ್ಪತ್ರೆ, ಎಪಿಎಂಸಿ ಎಲ್ಲವೂ ಈಗ ಕಂಪ್ಯೂಟರ್ ಮೇಲೆ ನಡೆಯುತ್ತವೆ, ಕಾಯುವವರು ಕಡಿಮೆ. ಮೋಸ ಹೋದ ಅಜ್ಜಿಯಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿಸಿ, ಏನಾಯಿತೆಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಇನ್ನೂ ಕಡಿಮೆ. ಬೆಂಗಳೂರಿನ ದೊಡ್ಡ ಕಂಪನಿಗೆ ಹೋಗು, ಸಂಬಳ ತೆಗೆದುಕೋ, ಕಲಿ. ಈ ಕಡೆಗೂ ಒಂದು ಕಣ್ಣಿರಲಿ.

ರಾತ್ರಿ ಪಾಳಿ ಎಂದರೆ ನಿಮ್ಮಪ್ಪ ಒಪ್ಪುವುದಿಲ್ಲ ಎಂಬ ಹೆದರಿಕೆ ನಿನಗಿದೆ, ನನಗೆ ಗೊತ್ತು. ಅವನ ಜೊತೆ ನಾನು ಮಾತಾಡುತ್ತೇನೆ. ಕಂಪನಿ ಕ್ಯಾಬ್ ಕೊಡುತ್ತದೆಯೇ, ಪಾಳಿ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತದೆ ಎಂಬೆರಡನ್ನು ಇಂಟರ್‌ವ್ಯೂನಲ್ಲಿ ನೀನು ಸಂಕೋಚವಿಲ್ಲದೆ ಕೇಳು. ಉತ್ತರ ತಿಳಿಸು, ಅದನ್ನಿಟ್ಟುಕೊಂಡೇ ಅವನಿಗೆ ಫೋನ್ ಮಾಡುತ್ತೇನೆ.