ಬಲಗಡೆಯ ಸೀಟಿಗೆ ಹೋಗುವ ಮುನ್ನ

ನೋಡಮ್ಮಾ, ನಿನ್ನ ಕಮರ್ಷಿಯಲ್ ಲೈಸೆನ್ಸ್ ಬಂತೆಂದು ಕೇಳಿ ತುಂಬಾ ಸಂತೋಷವಾಯಿತು. ಇನ್ನು ಇನ್‌ಸ್ಟ್ರಕ್ಟರ್ ಆಗಬೇಕು, ಆದರೆ ಒಂದು ಎಂಜಿನ್ ವಿಮಾನ ಕಲಿಸುವ ಸಿಎಫ್‌ಐ ಮೊದಲೋ, ಇನ್‌ಸ್ಟ್ರುಮೆಂಟ್ ಹಾರಾಟ ಕಲಿಸುವ ಡಬಲ್-ಐ ಮೊದಲೋ, ಎರಡು ಎಂಜಿನ್ ವಿಮಾನ ಕಲಿಸುವ ಎಂಇಐ ಮೊದಲೋ ಎಂದು ಕೇಳಿದ್ದೀಯ. ಹ್ಯಾಂಗರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನನಗೆ ಗೊತ್ತು. ಅಮೆರಿಕದಲ್ಲಿ ಇಷ್ಟು ವರ್ಷ ಹುಡುಗರಿಗೆ ವಿಮಾನ ಹಾರಿಸಲು ಕಲಿಸಿದ ಸೋದರಮಾವನ ಮಾತನ್ನೂ ಅದರ ಜೊತೆಗೆ ಸೇರಿಸಿಕೋ.

ಮೊದಲು ಒಂದು ವಿಷಯ ಮುಚ್ಚುಮರೆಯಿಲ್ಲದೆ ಮಾತಾಡಿಬಿಡೋಣ. ನಿನ್ನ ಬ್ಯಾಚಿನಲ್ಲಿ ಕಲಿಸುವ ಆಸೆಯಿಂದ ಇನ್‌ಸ್ಟ್ರಕ್ಟರ್ ಆಗುವವರು ಕಡಿಮೆ. ಇಲ್ಲಿನ ಏರ್‌ಲೈನ್ ಕೆಲಸಕ್ಕೆ ಎಟಿಪಿ ಎಂಬ ಪೈಲಟ್ ಸರ್ಟಿಫಿಕೇಟ್ ಬೇಕು, ಎಟಿಪಿಗೆ 1,500 ಗಂಟೆ ಹಾರಾಟದ ಅನುಭವ ಬೇಕು. ವಿಮಾನಯಾನದ ಪದವಿ ಇದ್ದರೆ 1,000ಕ್ಕೆ ಇಳಿಯಬಹುದು. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕಾಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಂದ ಕಾನೂನು ಇದು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚೇ ಅನುಭವವಿತ್ತು, ಆ ಮಾತು ಹಾಗಿರಲಿ. ಕಾನೂನಂತೂ ಇದೆ. ಕೈಯಿಂದ ದುಡ್ಡು ಕೊಟ್ಟು ಅಷ್ಟು ಗಂಟೆ ಹಾರಿಸಲು ಯಾರಿಗೂ ಆಗದು, ಆದ್ದರಿಂದ ಪಾಠ ಹೇಳುತ್ತಾ ಗಂಟೆ ಕೂಡಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿನ್ನ ಗಂಟೆಗೆ ದುಡ್ಡು ಕೊಡುವವನು ಪಕ್ಕದ ಸೀಟಿನಲ್ಲಿ ಕೂತ ಹುಡುಗ. ಅವನು ಏನನ್ನೂ ಕಲಿಯದೆ ಇಳಿದು ಹೋದರೆ ಅದು ಮೋಸ.

ಅದಕ್ಕೇ ನನ್ನ ಮಾತು: ಮೊದಲು ಸಿಂಗಲ್ ಎಂಜಿನ್ ಸಿಎಫ್‌ಐ ಮಾಡು. ಬೇರೆ ಏನನ್ನೂ ಅದಕ್ಕಿಂತ ಮುಂಚೆ ಮಾಡಬೇಡ.

ಡಬಲ್-ಐಯಿಂದ ಶುರು ಮಾಡಿದರೆ ಸುಲಭ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಇನ್‌ಸ್ಟ್ರುಮೆಂಟ್ ಪರೀಕ್ಷೆಯಲ್ಲಿ ಚಾಂಡೆಲ್, ಲೇಜಿ ಎಯ್ಟ್ ಎಂಬ ಹಾರಾಟದ ಕಸರತ್ತುಗಳಿಲ್ಲ, ಸ್ಪಿನ್ ತರಬೇತಿಯ ಸಹಿಯೂ ಬೇಕಿಲ್ಲ. ಆದರೆ ಸುಲಭವಾಗಲೆಂದು ಬಿಟ್ಟದ್ದೇ ಪ್ರೈವೇಟ್ ಪೈಲಟ್ ಆಗಲು ಬಂದ ಹೊಸಬನಿಗೆ ಬೇಕಾದ ಪಾಠ. ಇನ್‌ಸ್ಟ್ರಕ್ಟರ್ ಕೂರುವ ಬಲಗಡೆ ಸೀಟಿಗೆ ಹೋದ ಮೊದಲ ವಾರ ನಿನಗೇ ಲ್ಯಾಂಡಿಂಗ್ ಸರಿಯಾಗಿ ಬರುವುದಿಲ್ಲ. ರನ್‌ವೇ ಕಾಣುವ ರೀತಿಯೇ ಬೇರೆ, ಥ್ರಾಟಲ್ ಎಡಗೈಗೆ ಬರುತ್ತದೆ. ಹಾರಿಸುತ್ತಲೇ ಬಾಯಿ ಬಿಟ್ಟು ವಿವರಿಸಬೇಕು, ಅದರ ಜೊತೆಗೆ ಪಕ್ಕದವನ ಕಾಲು ರಡರ್ ಮೇಲೆ ಏನು ಮಾಡುತ್ತಿದೆ ಎಂದೂ ನೋಡಬೇಕು. ಫ್ಲೇರ್ ಹೊತ್ತಿನಲ್ಲಿ ಅವನು ಗಾಬರಿಯಾಗಿ ಯೋಕ್ ಎಳೆದರೆ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಕ್ಷಣಕ್ಕೆ ಕಂಟ್ರೋಲ್ ತೆಗೆದುಕೊಳ್ಳಬೇಕು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಇದನ್ನೆಲ್ಲ ಸೆಸ್ನಾ 172ರಂಥ ಸಾಧು ವಿಮಾನದಲ್ಲಿ ಕಲಿಯುವುದೇ ಒಳ್ಳೆಯದು.

ಮೊದಲ ಪರೀಕ್ಷೆ ಕಷ್ಟ, ನಿಜ. ಎಫ್‌ಒಐ ಎಂಬ ಬೋಧನಾಕ್ರಮದ ಲಿಖಿತ ಪರೀಕ್ಷೆ, ಇನ್‌ಸ್ಟ್ರಕ್ಟರ್ ವಿಷಯದ 100 ಪ್ರಶ್ನೆಗಳ ಇನ್ನೊಂದು ಪತ್ರಿಕೆ, ಆಮೇಲೆ ಎಕ್ಸಾಮಿನರ್ ಎದುರು ಗಂಟೆಗಟ್ಟಲೆ ಮೌಖಿಕ. ಲಿಫ್ಟ್ ಹೇಗೆ ಹುಟ್ಟುತ್ತದೆ ಎಂದು ಆತ ನಿನ್ನನ್ನು ಕೇಳುವುದಿಲ್ಲ, ಏನೂ ಗೊತ್ತಿಲ್ಲದವನಂತೆ ಕೂತು ತನಗೆ ಹೇಳಿಕೊಡು ಎನ್ನುತ್ತಾನೆ. ಅಲ್ಲಿ ಕಂಠಪಾಠ ನಡೆಯದು. ಎಂದಾದರೂ ಒಂದು ಸಲ ಆ ಕಷ್ಟ ಪಡಲೇಬೇಕು. ಒಂದು ಉಳಿತಾಯದ ದಾರಿಯನ್ನೂ ಹೇಳಿಬಿಡುತ್ತೇನೆ. ಅಡ್ವಾನ್ಸ್ಡ್ ಗ್ರೌಂಡ್ ಇನ್‌ಸ್ಟ್ರಕ್ಟರ್ ಪತ್ರಿಕೆಯ ಪ್ರಶ್ನೆಗಳೂ ಹೆಚ್ಚುಕಡಿಮೆ ಆ 100 ಪ್ರಶ್ನೆಗಳ ಪತ್ರಿಕೆಯವೇ. ಓದು ತಲೆಯಲ್ಲಿರುವಾಗಲೇ ಅದನ್ನೂ ಬರೆದುಬಿಡು. ಹಾರಾಟದ ಪರೀಕ್ಷೆ ಇಲ್ಲದೆ ಸಿಗುವ ಸರ್ಟಿಫಿಕೇಟ್ ಅದು.

ಸಿಎಫ್‌ಐ ಆದ ಬೆನ್ನಿಗೇ ಡಬಲ್-ಐ. ತಡಮಾಡಬೇಡ. ಪ್ರೈವೇಟ್ ಮುಗಿಸಿದ ವಿದ್ಯಾರ್ಥಿ ಮುಂದೆ ಕೇಳುವುದು ಇನ್‌ಸ್ಟ್ರುಮೆಂಟ್ ರೇಟಿಂಗನ್ನೇ. ನಿನ್ನಲ್ಲಿ ಅದಿಲ್ಲದಿದ್ದರೆ ನೀನು ಬೆಳೆಸಿದ ವಿದ್ಯಾರ್ಥಿಯನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ. ಅದೂ ಅಲ್ಲದೆ ಮೋಡದೊಳಗೆ ಕಲಿಸುತ್ತಿದ್ದರೆ ನಿನ್ನ ಕೈಯೂ ಜಂಗು ಹಿಡಿಯುವುದಿಲ್ಲ.

ಎಂಇಐಗೆ ಮಾತ್ರ ಅವಸರ ಬೇಡ. ಪರೀಕ್ಷೆಗೆ ಕೂರುವ ಮೊದಲೇ ಎರಡು ಎಂಜಿನ್ ವಿಮಾನದಲ್ಲಿ 15 ಗಂಟೆ ಪೈಲಟ್-ಇನ್-ಕಮಾಂಡ್ ಆಗಿರಬೇಕು. ಆ ವಿಮಾನದ ಬಾಡಿಗೆ ಎಷ್ಟೆಂದು ನಿನಗೇ ಗೊತ್ತು. ಪಾಸಾದ ಮೇಲೂ, ಕಲಿಸುವ ಮಾಡೆಲ್ಲಿನಲ್ಲೇ 5 ಗಂಟೆ ಹಾರಿಸಿರಬೇಕು ಎಂಬ ನಿಯಮವಿದೆ. ಎಟಿಪಿಗೆ ಎರಡು ಎಂಜಿನ್ ಗಂಟೆಗಳೂ ಬೇಕು, ಎಂಇಐ ಆದರೆ ಅವು ಕೈಯಿಂದ ಖರ್ಚಿಲ್ಲದೆ ಬರುತ್ತವೆ ಎನ್ನುವುದು ಸರಿಯೇ. ಆದರೆ ಒಂದು ಎಂಜಿನ್ ನಿಂತಾಗ ವಿದ್ಯಾರ್ಥಿ ತಪ್ಪು ರಡರ್ ಒತ್ತಿದರೆ ಸರಿಪಡಿಸಲು ನಿನಗೆ ಸಿಗುವುದು ಕೆಲವೇ ಸೆಕೆಂಡು. ಒಂದು ಎಂಜಿನ್ನಿನ ವಿಮಾನದಲ್ಲಿ ನೂರಾರು ಗಂಟೆ ಕಲಿಸಿದ ಮೇಲೆ ಅಲ್ಲಿಗೆ ಹೋಗು. ಅಷ್ಟರಲ್ಲಿ ನೀನು ಕಲಿಸುವ ಶಾಲೆಯೇ ಖರ್ಚು ಹಾಕುತ್ತೇವೆಂದು ಮುಂದೆ ಬಂದರೂ ಬರಬಹುದು.

ಸ್ಪೋರ್ಟ್ ಪೈಲಟ್ ಇನ್‌ಸ್ಟ್ರಕ್ಟರ್ ಬಗ್ಗೆಯೂ ಕೇಳಿದ್ದೀಯ. ಅದಕ್ಕೆ ಕಮರ್ಷಿಯಲ್ ಬೇಡ, ಇನ್‌ಸ್ಟ್ರುಮೆಂಟ್ ಬೇಡ, 150 ಗಂಟೆ ಸಾಕು. ಅದನ್ನು ಕೀಳೆಂದು ಎಣಿಸುವವರ ಮಾತಿಗೆ ಕಿವಿಗೊಡಬೇಡ. ಶನಿವಾರ-ಭಾನುವಾರ ಊರಿನ ಸಣ್ಣ ಏರ್‌ಪೋರ್ಟಿನಲ್ಲಿ ಪ್ರೀತಿಗಾಗಿ ಕಲಿಸುವ ನಿವೃತ್ತರಿಗೆ ಹೇಳಿಮಾಡಿಸಿದ್ದು. 2025ರ ಅಕ್ಟೋಬರಿನಿಂದ ಸ್ಪೋರ್ಟ್ ಪೈಲಟ್‌ಗಳು ಹಾರಿಸಬಹುದಾದ ವಿಮಾನಗಳ ಪಟ್ಟಿಯೂ ದೊಡ್ಡದಾಗಿದೆ. ಆದರೆ ಕಮರ್ಷಿಯಲ್ ಕೈಯಲ್ಲಿರುವ ನಿನಗೆ ಅದರ ಅಗತ್ಯವಿಲ್ಲ.

ಇನ್ನು ವೀಸಾ. ನಿನ್ನದು ಎಫ್-1, ಓದು ಮುಗಿದ ಮೇಲೆ ಓಪಿಟಿ ಎಂಬ ಕೆಲಸದ ಅನುಮತಿಯಲ್ಲಿ ಸಿಗುವುದು 12 ತಿಂಗಳು. ಎಂ-1 ವೀಸಾದಲ್ಲಿ ಬಂದ ಹುಡುಗರಿಗೆ ಹೆಚ್ಚೆಂದರೆ 6 ತಿಂಗಳು. ಆ ದಿನಗಳು ಓಡಲು ಶುರುವಾದ ಮೇಲೆ ಸಿಎಫ್‌ಐಗೆ ಓದುತ್ತಾ ಕೂತರೆ ನಷ್ಟ ನಿನಗೇ. ಸಿಎಫ್‌ಐ, ಡಬಲ್-ಐ ಎರಡೂ ಓಪಿಟಿ ಶುರುವಾಗುವ ಮೊದಲೇ ಮುಗಿದಿರಬೇಕು. ಕೆಲಸಕ್ಕೆ ಸೇರಿದ ಮೇಲೆ ಗಂಟೆಯ ಆಸೆಗೆ ಮೈ ಮರೆಯಬೇಡ. 24 ಗಂಟೆಯಲ್ಲಿ 8 ಗಂಟೆಗಿಂತ ಹೆಚ್ಚು ಹಾರಾಟದ ಪಾಠ ಹೇಳಬಾರದೆಂದು ನಿಯಮವೇ ಇದೆ.

ಊರಿಗೆ ವಾಪಸಾಗುವ ಯೋಚನೆಯಿದ್ದರೆ ಲೆಕ್ಕವೇ ಬೇರೆ. ಭಾರತದಲ್ಲಿ 200 ಗಂಟೆಯ ಕಮರ್ಷಿಯಲ್ ಲೈಸೆನ್ಸ್ ಇಟ್ಟುಕೊಂಡೇ ಏರ್‌ಲೈನ್ ಬಾಗಿಲು ತಟ್ಟಬಹುದು, 1,500ರ ಒತ್ತಾಯವಿಲ್ಲ. ಜಕ್ಕೂರಿನಲ್ಲೋ ಬೇರೆಲ್ಲೋ ಕಲಿಸಬೇಕೆಂದರೆ ಅಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಮೆಟ್ಟಿಲು ಬೇರೆ: ಮೊದಲು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿ ಹಿರಿಯರ ಉಸ್ತುವಾರಿಯಲ್ಲಿ ಕೆಲಸ, ಆಮೇಲೆ ಫ್ಲೈಟ್ ಇನ್‌ಸ್ಟ್ರಕ್ಟರ್. ಇಲ್ಲಿನ ಸರ್ಟಿಫಿಕೇಟ್ ಅಲ್ಲಿ ತಾನೇ ತಾನಾಗಿ ನಡೆಯುವುದಿಲ್ಲ. ಆರು ತಿಂಗಳಲ್ಲಿ ಹೊರಡುವವಳಾದರೆ ಇನ್‌ಸ್ಟ್ರಕ್ಟರ್ ಆಗಲು ಖರ್ಚಾಗುವ ದುಡ್ಡನ್ನು ಏರ್‌ಲೈನ್ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗಿಗೆ ಎತ್ತಿಡು. ಹೋಗುವುದೋ ಇರುವುದೋ ಎಂದು ಅಪ್ಪ-ಅಮ್ಮನ ಜೊತೆ ಕೂತು ಮೊದಲು ತೀರ್ಮಾನ ಮಾಡು.

ಇರುವುದೇ ಖಚಿತವಾದರೆ ಎಫ್‌ಒಐ ಪುಸ್ತಕ ಇವತ್ತೇ ತೆರೆ. ಎಕ್ಸಾಮಿನರ್‌ಗಳ ತಾರೀಖು ಸಿಗುವುದು ಕಷ್ಟವಾಗಿದೆ, ಅದಕ್ಕೂ ಈಗಲೇ ಹೆಸರು ಹಚ್ಚು. ಕಾಯುವ ದಿನಗಳಲ್ಲಿ ಬಲಗಡೆ ಸೀಟಿನಿಂದ ಲ್ಯಾಂಡಿಂಗ್ ಅಭ್ಯಾಸ ಮಾಡುತ್ತಿರು.